ಎತ್ತರದ ನಾಡಿನ ಮಳೆಯನ್ನು ಅಳೆಯುವ ಬಗೆ

ಲಡಾಖಿನ ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಶೀತಲ ಮರುಭೂಮಿಯಾದ ಈ ಪ್ರದೇಶದಲ್ಲಿ ಇಡೀ ವರ್ಷ ಬೀಳುವ ಮಳೆ ಮತ್ತು ಹಿಮದ ಒಟ್ಟು ಪ್ರಮಾಣ ಸುಮಾರು 100 ಮಿಲಿಮೀಟರ್ ಮಾತ್ರ. 2010ರ ಆಗಸ್ಟ್ 5-6ರ ನಡುರಾತ್ರಿಯಲ್ಲಿ ಇಲ್ಲಿ ಸುರಿದ ಬಿರುಮಳೆಯಿಂದ ಕೆಸರು ಮತ್ತು ಬಂಡೆಗಳ ಪ್ರವಾಹವುಂಟಾಗಿ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಆದರೆ ಲೇಹ್‌ನ ಮಳೆಮಾಪಕದಲ್ಲಿ ದಾಖಲಾದ ಮಳೆ ಕೇವಲ 12.8 ಮಿಲಿಮೀಟರ್!

ಮಾಪಕವು ತಪ್ಪು ಹೇಳಲಿಲ್ಲ. ಅದು ತಾನಿದ್ದ ಸ್ಥಳದ ಮಳೆಯನ್ನಷ್ಟೇ ಹೇಳಿತು. ಇಪ್ಪತ್ತು-ಮೂವತ್ತು ಚದರ ಕಿಲೋಮೀಟರಿನಷ್ಟು ಕಿರಿದಾದ ಪ್ರದೇಶದಲ್ಲಿ ಒಂದು ಗಂಟೆಗೆ 100 ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಮಳೆ ಸುರಿದರೆ ಅದನ್ನು ಮೇಘಸ್ಫೋಟವೆನ್ನುತ್ತಾರೆ. ಮಾಪಕಗಳು ಸಾಮಾನ್ಯವಾಗಿ ಜನವಸತಿಯಿರುವ ಕಣಿವೆಗಳಲ್ಲಿರುತ್ತವೆ. ಮೇಲಿನ ಇಳಿಜಾರುಗಳಲ್ಲಿ ವಿರಳ. ಬೆಟ್ಟದ ಒಂದು ಮಗ್ಗುಲಿನಲ್ಲಿ ಮಳೆ ಸುರಿಯುತ್ತಿರುವಾಗ ಇನ್ನೊಂದು ಮಗ್ಗುಲು ಒಣಗಿರಬಹುದು. ಗಾಳಿಯ ರಭಸದಿಂದ ಹಿಮವು ಮಾಪಕದೊಳಗೆ ಪೂರ್ತಿಯಾಗಿ ಬೀಳದಿರುವುದೂ ಉಂಟು.

ಈ ಕೊರತೆಯನ್ನು ನೀಗಿಸಲು ಹಲವು ಸಾಧನಗಳನ್ನು ಒಟ್ಟಾಗಿ ಬಳಸಬೇಕಾಗುತ್ತದೆ. ಬೆಳಿಗ್ಗೆ 8.30ಕ್ಕೆ ಓದುವ ಸಾಧಾರಣ ಮಾಪಕವು ದಿನದ ಒಟ್ಟು ಮಳೆಯನ್ನು ತಿಳಿಸುತ್ತದೆ. ಸ್ವಯಂಚಾಲಿತ ಮಾಪಕವು ಮಳೆ ಎಷ್ಟು ಹೊತ್ತಿನಲ್ಲಿ ಸುರಿಯಿತೆಂಬುದನ್ನೂ ದಾಖಲಿಸುತ್ತದೆ. ರಾಡಾರ್ ವಿಶಾಲ ಪ್ರದೇಶವನ್ನು ಗಮನಿಸಬಲ್ಲದಾದರೂ ಅದರ ಕಿರಣಗಳಿಗೆ ಬೆಟ್ಟಗಳು ಅಡ್ಡಬರುತ್ತವೆ. ಉಪಗ್ರಹಕ್ಕೆ ಆ ತಡೆಯಿಲ್ಲ. ಆದರೆ ಅದು ನೀಡುವುದು ಅಂದಾಜನ್ನು ಮಾತ್ರ. ಆದ್ದರಿಂದ ನೆಲದ ಮೇಲಿನ ಮಾಪಕದೊಡನೆ ಅದನ್ನು ಹೋಲಿಸಿ ನೋಡಬೇಕು.

ಇಷ್ಟಾದರೂ ಒಂದೆರಡು ವರ್ಷಗಳ ಅಂಕಿಗಳು ಸಾಲವು. ಸರಾಸರಿ ಮಳೆಯನ್ನು ನಿರ್ಧರಿಸಲು ಸಾಮಾನ್ಯವಾಗಿ 30 ವರ್ಷಗಳ ದಾಖಲೆಯನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಅಪರೂಪದ ಬಿರುಮಳೆಯನ್ನು ಅರಿಯಲು ಅದಕ್ಕಿಂತ ದೀರ್ಘಕಾಲದ ದಾಖಲೆ ಬೇಕು. ಪ್ರತಿ ವರ್ಷದ ಅತ್ಯಧಿಕ ದಿನಮಳೆಯನ್ನು ಆಯ್ದು, ಅಂಥ ಮಳೆ ಎಷ್ಟು ವರ್ಷಗಳಿಗೊಮ್ಮೆ ಬರಬಹುದೆಂದು ಲೆಕ್ಕ ಹಾಕಲಾಗುತ್ತದೆ. ಸೇತುವೆಯ ಎತ್ತರ, ಮೋರಿಯ ಅಗಲ ಮೊದಲಾದವು ಈ ಲೆಕ್ಕವನ್ನೇ ಅವಲಂಬಿಸಿವೆ.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ನಿವಾರಿಸುವುದು ಅವಶ್ಯ. 'ನೂರು ವರ್ಷಕ್ಕೊಮ್ಮೆ ಬರುವ ಮಳೆ' ಎಂದರೆ ಒಮ್ಮೆ ಬಂದರೆ ಮುಂದಿನ ನೂರು ವರ್ಷ ಬಾರದೆಂದು ಅರ್ಥವಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ಶೇಕಡಾ 1ರಷ್ಟಿರುತ್ತದೆ. ಈ ಲೆಕ್ಕದಂತೆ 30 ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಂಭವ ಸುಮಾರು ಶೇಕಡಾ 26. ವಾಯುಮಂಡಲದ ಉಷ್ಣತೆ ಹೆಚ್ಚಿದಂತೆ ಅದು ಹೆಚ್ಚು ತೇವಾಂಶವನ್ನು ಹಿಡಿದಿಡುವುದರಿಂದ ಹಳೆಯ ಲೆಕ್ಕಗಳನ್ನು ಆಗಾಗ ಪರಿಷ್ಕರಿಸಬೇಕಾಗುತ್ತದೆ.

ಬೆಟ್ಟದ ನಾಡಿನಲ್ಲಿ ಒಣಗಿದ ಹಳ್ಳವೂ ನೀರಿನ ದಾರಿಯೇ ಎಂಬುದನ್ನು ಅಲ್ಲಿ ಮನೆ ಕಟ್ಟುವವರೂ ಬಿಡಾರ ಹೂಡುವ ಪ್ರವಾಸಿಗರೂ ಮರೆಯಬಾರದು. ಮಾಪಕವು ಕಾಣದ ಮಳೆಯ ಗುರುತನ್ನು ಆ ಹಳ್ಳದ ಬಂಡೆಗಳು ಉಳಿಸಿಕೊಂಡಿರುತ್ತವೆ.