ಬೋರ್ಡಿಗೆ ಇನ್ನೂ ಮೊಳೆ ಹೊಡೆಯಬೇಡಿ

ಪ್ರಶ್ನೆ: ನಾನು ವಯನಾಡಿನ ಪುಲ್ಪಳ್ಳಿಯವಳು. ಕರಿಮೆಣಸಿನ ಸೊರಗು ರೋಗದ ಮೇಲೆ ಜರ್ಮನಿಯಲ್ಲಿ ಪಿಎಚ್.ಡಿ. ಪ್ರಬಂಧ ಒಪ್ಪಿಸಿ ರಜೆಗೆ ಬಂದಿದ್ದೇನೆ. ಮುಂದಿನ ತಿಂಗಳು ಮೌಖಿಕ ಪರೀಕ್ಷೆ. ಅದು 'ರಿಗೊರೋಸುಮ್', ಇಡೀ ಸಸ್ಯಶಾಸ್ತ್ರ ಕೇಳುತ್ತಾರೆ ಎಂದು ಸೀನಿಯರ್ ಒಬ್ಬರು ಹೆದರಿಸಿದ್ದಾರೆ. ನಿದ್ದೆಯೇ ಇಲ್ಲ. ಅಪ್ಪ ಆಗಲೇ 'ಡಾ.' ಎಂದು ಬೋರ್ಡು ಬರೆಸಿ ತಂದಿದ್ದಾರೆ! ಗೊತ್ತಿಲ್ಲದ್ದನ್ನು ಕೇಳಿದರೆ ಏನು ಮಾಡಲಿ?

ಉತ್ತರ: ಸೀನಿಯರ್ ಮಾತು ಬಿಡಿ, ನಿಮ್ಮ ವಿಭಾಗದ ಡಾಕ್ಟರೇಟ್ ನಿಯಮಾವಳಿ ತೆಗೆದು ಓದಿ. 'ಡಿಸ್ಪುಟಾಟ್ಸಿಯೋನ್' ಎಂದಿದ್ದರೆ ಮುಖ್ಯವಾಗಿ ನಿಮ್ಮ ಪ್ರಬಂಧವನ್ನು ಸಮರ್ಥಿಸಿಕೊಳ್ಳಬೇಕು. 'ರಿಗೊರೋಸುಮ್' ಆದರೆ ಪ್ರಬಂಧದಾಚೆಯ ವಿಷಯಗಳನ್ನೂ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಉತ್ತರಿಸಬಹುದೇ ಎಂಬುದೂ ಅಲ್ಲೇ ಇರುತ್ತದೆ.

ಇನ್ನು ಗೊತ್ತಿಲ್ಲದ ಪ್ರಶ್ನೆ. 1923ರ ಜುಲೈ, ಮ್ಯೂನಿಕ್. ದ್ರವಗಳ ಹರಿವಿನ ಮೇಲೆ ಪ್ರಬಂಧ ಬರೆದಿದ್ದ ಹುಡುಗನನ್ನು ಪ್ರೊಫೆಸರ್ ವಿಲ್ಹೆಲ್ಮ್ ವೀನ್ ಸೂಕ್ಷ್ಮದರ್ಶಕದ ಬಗ್ಗೆ ಕೇಳಿದರು. ಉತ್ತರವಿಲ್ಲ. ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ? ಅದಕ್ಕೂ ಇಲ್ಲ. ಹೇಗೋ ಪಾಸಾದ. ಆತ ವರ್ನರ್ ಹೈಸೆನ್‌ಬರ್ಗ್. ನಾಲ್ಕು ವರ್ಷದ ಮೇಲೆ ಅನಿಶ್ಚಿತತಾ ತತ್ವ ಬರೆದಾಗಲೂ ಅದೇ ಸೂಕ್ಷ್ಮದರ್ಶಕದಲ್ಲಿ ಎಡವಿದ. ನೀಲ್ಸ್ ಬೋರ್ ತಿದ್ದಬೇಕಾಯಿತು. ನೊಬೆಲ್ ಬಂತೆನ್ನಿ, ಆದರೆ ವೀನ್ ಕೇಳಿದ್ದು ಅನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಕೈಗೆಟುಕುವ ವಸ್ತುವನ್ನೇ ಹುಡುಗ ನೋಡಿರಲಿಲ್ಲ.

ನಿಮ್ಮ ಬ್ಯಾಟರಿ ತೋಟದಲ್ಲೇ ಇದೆ. ಮಳೆಗೆ ಮುಂಚೆ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ಜೊತೆ ಸುಣ್ಣ ಯಾಕೆ? ಡ್ರಮ್ಮಿನೊಳಗೆ ಕತ್ತಿ ಅದ್ದಿ ನೋಡುತ್ತಾರಲ್ಲ, ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಯಾಕೆ ಹಾಕುತ್ತಾರೆ? ಫ್ರಾನ್ಸಿನ ದ್ರಾಕ್ಷಿಗೆ ಹುಟ್ಟಿದ ಮದ್ದು ಮೆಣಸಿಗೆ ಹೇಗೆ ಹಿಡಿಸಿತು? ಪ್ರಬಂಧವನ್ನು ಅಪ್ಪನಿಗೆ ಕನ್ನಡದಲ್ಲಿ ವಿವರಿಸಿ, ಪ್ರಶ್ನೆ ಕೇಳಲು ಹೇಳಿ. ನಡುವೆ ಬಾಯಿ ಕಟ್ಟಿದ ಜಾಗವನ್ನೆಲ್ಲ ಗುರುತು ಹಾಕಿಕೊಳ್ಳಿ, ಓದಬೇಕಾದ್ದು ಅಲ್ಲಿ. ಆಮೇಲೂ ಗೊತ್ತಿಲ್ಲದ್ದು ಬಂದರೆ 'ಗೊತ್ತಿಲ್ಲ, ಆದರೆ ಇಲ್ಲಿಂದ ಯೋಚಿಸುತ್ತೇನೆ' ಎಂದು ಶುರುಮಾಡಿ. ಬಹಳ ಪರೀಕ್ಷಕರಿಗೆ ಬೇಕಾದದ್ದೂ ಆ ಯೋಚನೆಯೇ.

ಬೋರ್ಡಿನ ವಿಷಯ. ಜರ್ಮನಿಯಲ್ಲಿ ಪಾಸಾದ ಮಾತ್ರಕ್ಕೆ 'ಡಾ.' ಬರೆದುಕೊಳ್ಳುವಂತಿಲ್ಲ. ಸಾಮಾನ್ಯವಾಗಿ ಪ್ರಬಂಧ ಪ್ರಕಟಿಸಿ, ಪ್ರತಿ ಒಪ್ಪಿಸಿ, ಪದವಿಪತ್ರ ಕೈಗೆ ಬರಬೇಕು. ಮೊದಲೇ ಬರೆದುಕೊಂಡರೆ ಅಲ್ಲಿ ಅಪರಾಧ. ಪುಲ್ಪಳ್ಳಿಯ ಗೇಟಿಗೆ ಯಾರೂ ಬಂದು ನೋಡುವುದಿಲ್ಲ, ನಿಜ. ಆದರೂ ಬೋರ್ಡು ಸದ್ಯಕ್ಕೆ ಮೆಣಸಿನ ಚೀಲದ ಹಿಂದೆ ಇರಲಿ. ಅಪ್ಪನಿಗೆ ಬೇಜಾರಾಗದ ಹಾಗೆ ನೀವೇ ಹೇಳಿ. ಸುಣ್ಣದ ಪ್ರಶ್ನೆಗೆ ಅವರು ಉತ್ತರ ಹೇಳಿದ ದಿನವೇ ಆದರೆ ಒಳ್ಳೆಯದು.