ಫಾರ್ಮ್ಯಾಟ್ ಮಾಡಿಸುವ ಮುಂಚೆ

ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಎಸ್‌ಪಿ ರೋಡು. ಅಲ್ಲಿ ಲ್ಯಾಪ್‌ಟಾಪ್ ಕೊಟ್ಟರೆ ಸಂಜೆಯೊಳಗೆ ಫಾರ್ಮ್ಯಾಟ್ ಆಗಿ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಿದ್ದೀಯ. ಸ್ವಲ್ಪ ತಡಿ ಮಾರಾಯ. ಮೊದಲು ಅದರ ವೈ-ಫೈ ಆರಿಸು, ಆಮೇಲೆ ಮಾತಾಡೋಣ.

ಆಂಟಿವೈರಸ್ ತೋರಿಸಿದ ಹೆಸರಿನಲ್ಲಿ ‘ಬ್ಯಾಕ್‌ಡೋರ್’ ಎಂದಿದೆಯಲ್ಲ, ಅದು ಹಳೇ ಕಾಲದ ವೈರಸ್ಸಿನ ಹಾಗೆ ಫೈಲು ಮಾಯ ಮಾಡಿ ತನ್ನ ಇರವು ಸಾರುವ ಜಾತಿಯಲ್ಲ. ತೆಪ್ಪಗೆ ಕೂತು, ಆಗಾಗ ಹೊರಗಿನ ಯಾವುದೋ ಸರ್ವರ್‌ಗೆ ‘ಏನಪ್ಪಣೆ?’ ಎಂದು ಕೇಳುತ್ತಿರುತ್ತದೆ. ಅಪ್ಪಣೆಯಾದರೆ ನೀನು ಒತ್ತಿದ ಕೀಲಿಗಳನ್ನು ಬರೆದುಕೊಳ್ಳುತ್ತದೆ, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಸಾಗಿಸುತ್ತದೆ, ತನಗಿಂತ ಕೆಟ್ಟದ್ದೊಂದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ವಿಂಡೋಸ್‌ನ ಫೈರ್‌ವಾಲ್ ಇದೆಯಲ್ಲ ಅನ್ನಬೇಡ. ಅದು ಹೊರಗಿನಿಂದ ನುಗ್ಗುವುದನ್ನು ತಡೆಯುತ್ತದೆ, ಒಳಗಿನಿಂದ ಹೊರಡುವ ಕರೆಯನ್ನು ಮಾಮೂಲಿಯಾಗಿ ಬಿಟ್ಟುಬಿಡುತ್ತದೆ.

2017ರಲ್ಲಿ ನಡೆದದ್ದು ಕೇಳು. ಕಂಪ್ಯೂಟರ್ ಕಸ ಗುಡಿಸುವ ಸಿಸಿಕ್ಲೀನರ್ ಎಂಬ ತಂತ್ರಾಂಶ ಆಗ ಮನೆಮನೆಯಲ್ಲಿತ್ತು. ಆಗಸ್ಟ್‌ನಲ್ಲಿ ಬಂದ ಅದರ 5.33ನೇ ಆವೃತ್ತಿಯೊಳಗೇ ಯಾರೋ ಬ್ಯಾಕ್‌ಡೋರ್ ಸೇರಿಸಿದ್ದರು. ಕಂಪನಿಯ ಸ್ವಂತ ಸರ್ವರ್‌ನಿಂದ, ಕಂಪನಿಯ ಡಿಜಿಟಲ್ ಸಹಿಯೊಂದಿಗೇ ಅದು ಸುಮಾರು 22.7 ಲಕ್ಷ ಬಳಕೆದಾರರಿಗೆ ತಲುಪಿತು. ಎರಡನೇ ಹಂತದ ಸರಕು ಇಳಿದದ್ದು ಮಾತ್ರ ದೊಡ್ಡ ತಂತ್ರಜ್ಞಾನ ಕಂಪನಿಗಳ ಸುಮಾರು 40 ಯಂತ್ರಗಳಿಗೆ. ಉಳಿದವರದ್ದು ಬೇಡವಾಗಿತ್ತು, ಅಷ್ಟೆ. ಬಾಗಿಲು ತೆರೆದಿದ್ದರೂ ಏನೂ ಆಗಲಿಲ್ಲವೆಂದರೆ, ಆ ತೀರ್ಮಾನ ನಿನ್ನದಲ್ಲ, ಒಳಹೊಕ್ಕವನದ್ದು.

ನಿನ್ನ ವಿಷಯದಲ್ಲಿ ಅಷ್ಟು ಜಾಣತನವೇನೂ ಬೇಕಾಗಿರಲಿಲ್ಲ ಬಿಡು. ವಿಂಡೋಸ್ ‘ಆಕ್ಟಿವೇಟ್’ ಮಾಡುವ ಟೂಲ್ ಇಳಿಸಿದೆ. ಅದು ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದಿತು, ನೀನು ಮಾಡಿದೆ. ಇಂಥದ್ದೇ ಟೂಲ್ ಆದ ಕೆಎಂಎಸ್‌ಪಿಕೊ ಹೆಸರಿನ ನಕಲಿ ಇನ್‌ಸ್ಟಾಲರ್‌ಗಳ ಜೊತೆ ಕ್ರಿಪ್ಟ್‌ಬಾಟ್ ಎಂಬ ಪಾಸ್‌ವರ್ಡ್ ಕಳ್ಳ ಬರುತ್ತಿದೆಯೆಂದು ರೆಡ್ ಕ್ಯಾನರಿ ಸಂಸ್ಥೆ 2021ರಲ್ಲೇ ಎಚ್ಚರಿಸಿತ್ತು. ಕಾವಲುಗಾರನನ್ನು ಮನೆಗೆ ಕಳಿಸು ಎನ್ನುವ ಅತಿಥಿ ಎಂಥವನೆಂದು ಕೇಳಲೂಬಾರದೇ?

ಈಗ ಕೆಲಸ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಇದೆ. ಯಂತ್ರ ಮರುಚಾಲೂ ಆಗಿ, ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ. ಕಾಲು ಗಂಟೆಯ ಕೆಲಸ. ವಿಂಡೋಸ್ ಎದ್ದಮೇಲೆ ಅಡಗಿಕೊಳ್ಳುವುದು ಆಗ ಅಡಗಲಾರದು. ಹಾಗೇ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ ತೆರೆದು ನೋಡು. ನೀನು ಸೇರಿಸದ ಫೋಲ್ಡರ್ ಅಲ್ಲಿದ್ದರೆ, ‘ಇಲ್ಲಿ ನೋಡಬೇಡ’ ಎಂದು ಡಿಫೆಂಡರ್‌ಗೆ ಹೇಳಿಕೊಟ್ಟವನು ಬೇರೆ ಯಾರೋ. ಟಾಸ್ಕ್ ಶೆಡ್ಯೂಲರ್ ಕೂಡ ನೋಡು. ಫೈಲು ಅಳಿಸಿದರೂ ಮರುದಿನ ಮತ್ತೆ ಹುಟ್ಟಿಬರುತ್ತಿದ್ದರೆ ಅದರ ಬೇರು ಎಷ್ಟೋ ಸಲ ಅಲ್ಲಿರುತ್ತದೆ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಪುಕ್ಕಟೆ ಟೂಲ್‌ಗಳನ್ನು ಕೊಡುತ್ತದೆ.

ಇಷ್ಟೆಲ್ಲ ಹೇಳಿದರೂ ನನ್ನ ಅಭಿಪ್ರಾಯ ಕೇಳಿದರೆ, ಬ್ಯಾಕ್‌ಡೋರ್ ಹೊಕ್ಕ ಯಂತ್ರವನ್ನು ತಿಕ್ಕಿ ತೊಳೆದು ನಂಬುವುದಕ್ಕಿಂತ ವಿಂಡೋಸನ್ನು ಹೊಸದಾಗಿ ಹಾಕುವುದೇ ವಾಸಿ. ಸಿಕ್ಕಿದ್ದನ್ನು ಅಳಿಸಿದೆ ಸರಿ, ಸಿಗದಿದ್ದದ್ದು ಎಷ್ಟಿದೆಯೋ. ಅದಕ್ಕಾಗಿ ಮತ್ತೆ ಕ್ರ್ಯಾಕ್ ಮಾಡಿದ ವಿಂಡೋಸ್ ಮಾತ್ರ ಯಾರಿಂದಲೂ ಹಾಕಿಸಬೇಡ, ಬಂದ ದಾರಿಯಲ್ಲೇ ಅದನ್ನು ಮತ್ತೆ ಕರೆದ ಹಾಗಾಗುತ್ತದೆ. ನಿನ್ನ ಲ್ಯಾಪ್‌ಟಾಪ್ ಅಸಲಿ ವಿಂಡೋಸ್ ಜೊತೆಗೇ ಬಂದದ್ದಾದರೆ ಅದೇ ಎಡಿಶನ್ ಹಾಕು. ಇಂಟರ್‌ನೆಟ್ ಸಿಕ್ಕ ಕೂಡಲೇ ಲೈಸೆನ್ಸ್ ತಾನಾಗಿ ಸರಿಹೋಗುತ್ತದೆ. ಆಕ್ಟಿವೇಟರ್‌ನ ಗೊಡವೆಯೇ ಬೇಕಿರಲಿಲ್ಲ! ಫೋಟೋ, ಪ್ರಾಜೆಕ್ಟ್ ರಿಪೋರ್ಟ್ ಬೇರೆ ಡಿಸ್ಕ್‌ಗೆ ತೆಗೆದಿಟ್ಟುಕೋ. ಇನ್‌ಸ್ಟಾಲರ್ ಫೈಲ್ ಒಂದನ್ನೂ ಒಯ್ಯಬೇಡ. ಕನ್ನಡ ಟೈಪಿಸಲು ನುಡಿ, ಬರಹ ತಂತ್ರಾಂಶ ಬೇಕಾದರೆ ಆಯಾ ಮೂಲ ತಾಣದಿಂದಲೇ ಹೊಸದಾಗಿ ಇಳಿಸಿಕೋ.

ಎಲ್ಲರೂ ಮರೆಯುವುದು ಪಾಸ್‌ವರ್ಡ್. ಯಂತ್ರ ಶುದ್ಧವಾಯಿತೆಂದು ಕದ್ದುಹೋದದ್ದು ವಾಪಸ್ ಬರುವುದಿಲ್ಲ. ಸೋಂಕಿದ ಲ್ಯಾಪ್‌ಟಾಪ್‌ನಲ್ಲಿ ಕೂತು ಬದಲಿಸಿದರೆ ಹೊಸದೂ ಕಳ್ಳನ ಕೈ ಸೇರುತ್ತದೆ. ಅಮ್ಮನ ಫೋನಿನಲ್ಲಿ ಮಾಡು. ಮೊದಲು ಇಮೇಲ್, ಏಕೆಂದರೆ ಉಳಿದೆಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತೆ’ ಬಂದು ಬೀಳುವುದು ಅಲ್ಲಿಗೇ. ಆಮೇಲೆ ಬ್ಯಾಂಕ್. ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಒತ್ತುವುದನ್ನು ಬಿಡಬೇಡ. ಬ್ರೌಸರ್‌ನ ಕುಕೀ ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗುರುತಿಲ್ಲದ್ದೇನಾದರೂ ಇದ್ದರೆ ಕಿತ್ತುಹಾಕು.

ಖಾತೆಯಿಂದ ದುಡ್ಡು ಹೋಗಿದ್ದರೆ ಇದೆಲ್ಲ ಆಮೇಲೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಬ್ಯಾಂಕಿಗೂ ತಿಳಿಸು. ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ, ಬೇಗ ಹೇಳಿದಷ್ಟೂ ನಡುದಾರಿಯಲ್ಲಿ ತಡೆಹಿಡಿಯಲು ಅವಕಾಶ ಹೆಚ್ಚು.

ಎಂಟು ಜಿಬಿಯದ್ದಾದರೂ ಒಂದು ಪೆನ್‌ಡ್ರೈವ್ ತಗೊಂಡು ಭಾನುವಾರ ಮನೆಗೆ ಬಾ. ನನ್ನ ಯಂತ್ರದಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಇನ್‌ಸ್ಟಾಲ್ ಡ್ರೈವ್ ಮಾಡಿಕೊಡುತ್ತೇನೆ. ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದೇ ತಾ. ಆ ಲ್ಯಾಪ್‌ಟಾಪ್‌ಗೆ ಈವರೆಗೆ ಚುಚ್ಚಿದ್ದಂತೂ ಬೇಡವೇ ಬೇಡ.