ಹಳ್ಳಿಯ ಸಾಲೆಯಲ್ಲಿ ವಿದ್ಯುತ್ತಿನ ಪಾಠ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಿದ್ಯುತ್ತಿನ ಮೇಲೆ ಲೇಖನ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಮುಂಡರಗಿ ತಾಲೂಕಿನಲ್ಲಿ, ಕಪ್ಪತಗುಡ್ಡದ ಮಗ್ಗುಲಿನ ಒಂದು ಹಳ್ಳಿಯಲ್ಲಿ ನಮ್ಮ ಸೇವಾ ಶಿಬಿರ ನಡೆದಾಗ, ಐದನೆಯ ಇಯತ್ತೆಯ ಮಕ್ಕಳಿಗೆ ಒಂದಿಷ್ಟು ವಿಜ್ಞಾನ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಅದರಿಂದ ಹುಟ್ಟಿದ್ದು ಈ ಬರಹ. ತಿಳಿದವರು ತಪ್ಪಿದ್ದಲ್ಲಿ ತಿದ್ದಬೇಕು.

ಗದಗಿನಿಂದ ನಾನು ಒಯ್ದ ಸಾಮಾನು ಅಲ್ಪ. ನಾಲ್ಕಾರು ಸೆಲ್ಲು, ಟಾರ್ಚಿನ ಸಣ್ಣ ಬಲ್ಬುಗಳು, ಮೋಟಾರು ಸುತ್ತುವ ಅಂಗಡಿಯಲ್ಲಿ ಬೇಡಿ ತಂದ ತಾಮ್ರದ ತಂತಿ, ಕೆಟ್ಟುಹೋದ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ. ಆ ತಂತಿಯ ಮೇಲೆ ಕಣ್ಣಿಗೆ ಕಾಣದಂಥ ಲೇಪವಿರುತ್ತದೆ. ತುದಿಗಳನ್ನು ಬ್ಲೇಡಿನಿಂದ ಕೆರೆಯದಿದ್ದರೆ ಏನೂ ನಡೆಯದು. ಇದು ತಿಳಿಯದೆ ಶಿಬಿರದ ಮೊದಲ ರಾತ್ರಿಯನ್ನೆಲ್ಲ ನಾನು ಹಾಳುಮಾಡಿಕೊಂಡೆ.

ಒಂದು ಸೆಲ್ಲು, ಒಂದು ಬಲ್ಬು, ಒಂದೇ ತಂತಿಯ ತುಂಡು. ‘ಹಚ್ಚಿರಿ ನೋಡೋಣ’ ಎಂದೆ. ಎಲ್ಲರೂ ತಂತಿಯ ಒಂದು ತುದಿಯನ್ನು ಸೆಲ್ಲಿನ ಮೂಗಿಗೂ ಇನ್ನೊಂದನ್ನು ಬಲ್ಬಿನ ಬುಡಕ್ಕೂ ಹಿಡಿದು ಕಾದರು. ಕರೆಂಟೆಂದರೆ ನಳದ ನೀರಿನಂತೆ ಒಂದು ದಾರಿಯಲ್ಲಿ ಬಂದು ಮುಗಿದುಹೋಗುವ ವಸ್ತುವೆಂಬುದು ಅವರ ಎಣಿಕೆ. ನನ್ನ ಎಣಿಕೆಯೂ ಹಿಂದಿನ ದಿನದವರೆಗೆ ಅದೇ ಇತ್ತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಕೊನೆಗೆ ಒಬ್ಬ ಹುಡುಗಿ ಬಲ್ಬಿನ ಬುಡವನ್ನು ಸೆಲ್ಲಿನ ಮೂಗಿನ ಮೇಲಿಟ್ಟು, ಬಲ್ಬಿನ ಹಿತ್ತಾಳೆಯ ಮೈಯಿಂದ ಸೆಲ್ಲಿನ ತಳಕ್ಕೆ ತಂತಿ ಹಿಡಿದಳು. ಬಲ್ಬು ಹೊತ್ತಿತು. ‘ಅದು ಸುತ್ತ ಹೊಡದು ತಿರುಗಿ ಬರಬೇಕ್ರಿ ಸರ’ ಎಂದಳು. ಪುಸ್ತಕದಲ್ಲಿ ‘ಪೂರ್ಣ ವಿದ್ಯುನ್ಮಂಡಲ’ ಎಂದು ಬರೆದುದನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು!

ಇನ್ನು ನನ್ನ ತಪ್ಪಿನ ಕಥೆ. ಮಕ್ಕಳ ಅಂಜಿಕೆ ಹೋಗಲೆಂದು ಸೆಲ್ಲಿನ ಎರಡೂ ತುದಿಗಳನ್ನು ಬೆರಳಿನಿಂದ ಒತ್ತಿಹಿಡಿದು, ‘ನೋಡಿರಿ, ಏನೂ ಆಗುವುದಿಲ್ಲ’ ಎಂದು ತೋರಿಸಿದ್ದೆ. ಮರುದಿನ ಮುಂಜಾನೆ ಒಬ್ಬ ಹುಡುಗನು ಅದೇ ತಂತಿಯನ್ನು ಹಿಡಿದು ಮನೆಯ ಗೋಡೆಯ ಪ್ಲಗ್ಗಿನೆದುರು ನಿಂತಿದ್ದನಂತೆ. ಅವನ ತಾಯಿ ಕಂಡು ಕೈಹಿಡಿದು ಎಳೆದಳು. ಸುದ್ದಿ ಕೇಳಿ ನನ್ನ ಕೈಕಾಲು ತಣ್ಣಗಾದವು. ಹುಡುಗ ನನ್ನ ಪಾಠವನ್ನು ಸರಿಯಾಗಿಯೇ ಕಲಿತಿದ್ದ, ಪಾಠವೇ ಅರ್ಧವಾಗಿತ್ತು.

ಆ ದಿನ ಬೇರೆಲ್ಲವನ್ನೂ ಬದಿಗಿಟ್ಟೆ. ಸೆಲ್ಲಿನ ನೂಕುವ ಬಲ 1.5 ವೋಲ್ಟು, ಮನೆಯದು 230, ಹೊಲದ ಮೂರು ತಂತಿಯ ಪಂಪ್‌ಸೆಟ್ಟಿನಲ್ಲಿ ಎರಡು ತಂತಿಗಳ ನಡುವೆ ಸುಮಾರು 415. ನಮ್ಮ ಒಣ ಚರ್ಮವು ದಾರಿಗೆ ಅಡ್ಡಲಾದ ಒಡ್ಡಿನಂತೆ. ಒಂದೂವರೆ ವೋಲ್ಟಿಗೆ ಅದನ್ನು ದಾಟುವ ಕಸುವಿಲ್ಲ, ಮನೆಯ ಕರೆಂಟಿಗೆ ಇದೆ. ಕೈ ಒದ್ದೆಯಾದರೆ ಒಡ್ಡು ಇನ್ನೂ ತಗ್ಗುತ್ತದೆ.

ಆಗ ಅದೇ ಹುಡುಗ ಕೇಳಿದ: ‘ಹಂಗಾರ ತಂತಿ ಮ್ಯಾಲ ಕುಂತ ಗುಬ್ಬಿ ಯಾಕ ಸಾಯಂಗಿಲ್ರಿ?’

ಉತ್ತರವನ್ನು ಹುಡುಗಿ ಮೊದಲ ದಿನವೇ ಹೇಳಿಯಾಗಿತ್ತು. ಗುಬ್ಬಿಯ ಎರಡೂ ಕಾಲು ಒಂದೇ ತಂತಿಯ ಮೇಲಿವೆ. ಅದರ ಮೈಯೊಳಗಿಂದ ಸುತ್ತು ಪೂರ್ತಿಯಾಗುವುದಿಲ್ಲ. ದೊಡ್ಡ ಬಾವಲಿಯ ರೆಕ್ಕೆ ಎರಡು ತಂತಿಗಳಿಗೆ ತಾಗಿದರೆ ಪೂರ್ತಿಯಾಗುತ್ತದೆ, ಅದು ಸಾಯುತ್ತದೆ. ಮನುಷ್ಯನಿಗೋ ಒಂದೇ ತಂತಿ ಸಾಕು. ಏಕೆಂದರೆ ಟ್ರಾನ್ಸ್‌ಫಾರ್ಮರಿನ ಒಂದು ಕೊನೆಯನ್ನು ಭೂಮಿಗೆ ಜೋಡಿಸಿರುತ್ತಾರೆ. ಬರಿಗಾಲಿನಲ್ಲಿ ಹಸಿನೆಲದ ಮೇಲೆ ನಿಂತವನ ಕಾಲಡಿಯ ಮಣ್ಣೇ ಎರಡನೆಯ ತಂತಿ! ನೀರು ಹಾಯಿಸುತ್ತ ಒದ್ದೆ ಕೈಯಿಂದ ಸ್ಟಾರ್ಟರ್ ಮುಟ್ಟುವವರು ಅಲ್ಲಿದ್ದ ಮಕ್ಕಳ ಮನೆಗಳಲ್ಲಿಯೇ ಇದ್ದರು. ವರ್ಗ ಅಷ್ಟು ಸುಮ್ಮನಿದ್ದುದನ್ನು ನಾನು ಮತ್ತೆ ಕಾಣಲಿಲ್ಲ.

ಅಯಸ್ಕಾಂತದ ಪಾಠ ಹಗುರಾಗಿ ಸಾಗಿತು. ಅದನ್ನು ಹಳ್ಳದ ಮರಳಿನಲ್ಲಿ ಎಳೆದಾಗ ಕರಿಯ ಕಣಗಳು ಗಡ್ಡದಂತೆ ಅಂಟಿಕೊಂಡವು. ಕಪ್ಪತಗುಡ್ಡದಲ್ಲಿ ಕಬ್ಬಿಣದ ಅದಿರಿದೆಯೆಂಬುದಕ್ಕೆ ಮಕ್ಕಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿ ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡನು. ನಾವು ಮೊಳೆಗೆ ತಂತಿ ಸುತ್ತಿ, ಸೆಲ್ಲಿಗೆ ಹಚ್ಚಿ ಗುಂಡುಸೂಜಿಗಳನ್ನು ಎತ್ತಿದೆವು. ಹೆಚ್ಚು ಹೊತ್ತು ಹಚ್ಚಿಟ್ಟರೆ ಸೆಲ್ಲು ಬಿಸಿಯಾಗಿ ಬೇಗ ತೀರುತ್ತದೆ, ಬಿಡುತ್ತ ಹಚ್ಚಬೇಕು.

ಕರೆಂಟು ಕಾಂತವನ್ನು ಹುಟ್ಟಿಸಿದರೆ ಕಾಂತವು ಕರೆಂಟನ್ನು ಹುಟ್ಟಿಸಲಾರದೆ? 1831ರಲ್ಲಿ ಫ್ಯಾರಡೆಯು ಹುಟ್ಟಿಸಿ ತೋರಿಸಿದನು. ನಮಗೆ ಹಳೆಯ ಸೈಕಲ್ಲಿನ ಡೈನಮೊ ಸಿಕ್ಕಿತು. ಅದರೊಳಗೆ ತಂತಿಯ ಸುರುಳಿಯ ನಡುವೆ ಅಯಸ್ಕಾಂತ ತಿರುಗುತ್ತದೆ. ಸೈಕಲ್ಲನ್ನು ಬೋರಲು ಹಾಕಿ ಗಾಲಿ ತಿರುವಿದರೆ ಬಲ್ಬು ಹೊತ್ತಿತು. ಬಲ್ಬಿನ ತಂತಿ ಬಿಚ್ಚಿ ತಿರುವಿದಾಗ ಗಾಲಿ ಹೆಚ್ಚು ಹೊತ್ತು ತಿರುಗಿತು, ಹಚ್ಚಿದಾಗ ಬೇಗ ನಿಂತಿತು. ಮಕ್ಕಳು ನಾಲ್ಕೈದು ಸಲ ತಿರುವಿ ನೋಡಿ ಖಾತ್ರಿ ಮಾಡಿಕೊಂಡರು. ಬೆಳಕಿಗೆ ತೆತ್ತದ್ದು ನಮ್ಮ ಕೈಯ ದುಡಿತ.

ಸಾಲೆಯ ಅಂಗಳದಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತಿದ್ದವು. ಪ್ಲಗ್ಗಿನೆದುರು ನಿಂತಿದ್ದ ಆ ಹುಡುಗ ಅವುಗಳನ್ನೇ ನೋಡುತ್ತಿದ್ದವನು, ‘ಹಂಗಾರ ಆ ಫ್ಯಾನ್ ತಿರುವಾಕ ಗಾಳಿಗೂ ಭಾರ ಆಕ್ಕೈತೇನ್ರಿ ಸರ?’ ಎಂದ.

‘ಆಕ್ಕೈತಿ’ ಎಂದೆ. ‘ಫ್ಯಾನ್ ದಾಟಿ ಹೋದ ಗಾಳಿಯ ಕಸುವು ಕಡಿಮೆಯಾಗಿರುತ್ತದೆ.’